ಶೆಂಗೆನ್ ಎಂಬ ಹೊಳೆದಂಡೆಯ ಹಳ್ಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪ್ ಪ್ರವಾಸಕ್ಕೆ ಹೊರಡುವವರ ಬಾಯಲ್ಲಿ ‘ಶೆಂಗೆನ್’ ಎಂಬ ಮಾತು ಮೊದಲ ದಿನದಿಂದಲೇ ಓಡಾಡುತ್ತದೆ. ಯುರೋಪಿನ ಹಲವು ದೇಶಗಳ ನಡುವಿನ ಗಡಿ ತಪಾಸಣೆಯನ್ನು ಕೈಬಿಡಲು ದಾರಿ ಮಾಡಿದ 1985ರ ಒಪ್ಪಂದಕ್ಕೂ ಆ ದೇಶಗಳಲ್ಲೆಲ್ಲ ನಡೆಯುವ ವೀಸಾಕ್ಕೂ ಇದೇ ಹೆಸರು. ಅದು ಮೊಸೆಲ್ ನದಿಯ ದಂಡೆಯಲ್ಲಿ ದ್ರಾಕ್ಷಿ ಬೆಳೆದು ಬದುಕುವ ಒಂದು ಸಣ್ಣ ಹಳ್ಳಿಯ ಹೆಸರು ಎಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ. ವೀಸಾ ಅರ್ಜಿ ತುಂಬುವವರು, ಲಕ್ಸೆಂಬರ್ಗ್ ಅಥವಾ ಜರ್ಮನಿಯಲ್ಲಿ ನೆಲೆಸಿದವರು, ಗಡಿಗಳ ಇತಿಹಾಸದಲ್ಲಿ ಆಸಕ್ತಿ ಇರುವವರು ಈ ಊರಿನ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ವೀಸಾ ಮತ್ತು ಪ್ರಯಾಣದ ವಿವರ ಮಾತ್ರ ಬೇಕಾದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು. ಆದರೂ ನದಿಯ ಒಡೆತನದ ಕುರಿತ ಉತ್ತರವನ್ನು ಬಿಡದೆ ಓದಬೇಕೆಂದು ಕೋರಿಕೆ, ಏಕೆಂದರೆ ಈ ಊರಿನ ಉಳಿದ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ.

ಶೆಂಗೆನ್ ನಿಜವಾಗಿಯೂ ಒಂದು ಊರೇ? ಅದು ಎಲ್ಲಿದೆ?

ಹೌದು. ಲಕ್ಸೆಂಬರ್ಗ್ ದೇಶದ ಆಗ್ನೇಯ ತುದಿಯಲ್ಲಿ, ಮೊಸೆಲ್ ನದಿಯ ಎಡದಂಡೆಯಲ್ಲಿ ಈ ಹಳ್ಳಿ ಇದೆ. ಎದುರು ದಂಡೆಯಲ್ಲಿ ಕಾಣುವ ಪೆರ್ಲ್ ಎಂಬ ಊರು ಜರ್ಮನಿಯ ಸಾರ್‌ಲ್ಯಾಂಡ್ ರಾಜ್ಯಕ್ಕೆ ಸೇರಿದೆ. ಅದೇ ದಂಡೆಯಲ್ಲಿ ತುಸು ದಕ್ಷಿಣಕ್ಕಿರುವ ಅಪಾಕ್ ಫ್ರಾನ್ಸಿನದು. ಹಳ್ಳಿಯ ಹಿಂದೆ ಮಾರ್ಕುಸ್‌ಬೆರ್ಗ್ ಮತ್ತು ಸ್ಟ್ರೊಂಬೆರ್ಗ್ ಗುಡ್ಡಗಳು ಏರುತ್ತವೆ. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಕೆಳಗೆ ಒಂದೆರಡು ಬೀದಿಗಳ ಮನೆಗಳು, ಆಮೇಲೆ ರಸ್ತೆ, ಅದರಾಚೆ ನದಿ: ಊರಿನ ವಿನ್ಯಾಸ ಇಷ್ಟೇ. ಹಿಂದೆ ಇದು ರೆಮರ್ಶೆನ್ ಎಂಬ ಪಕ್ಕದ ಊರಿನ ಹೆಸರಿನ ಸ್ಥಳೀಯಾಡಳಿತಕ್ಕೆ ಒಳಪಟ್ಟಿತ್ತು. ಒಪ್ಪಂದದಿಂದ ಬಂದ ಖ್ಯಾತಿಯನ್ನು ಗಮನದಲ್ಲಿಟ್ಟುಕೊಂಡು 2006ರಲ್ಲಿ ಇಡೀ ಆಡಳಿತ ಘಟಕಕ್ಕೇ ಶೆಂಗೆನ್ ಎಂಬ ಹೆಸರನ್ನಿಡಲಾಯಿತು. 2011ರಲ್ಲಿ ಇನ್ನೂ ಎರಡು ನೆರೆಯ ಘಟಕಗಳು ಅದರೊಳಗೆ ವಿಲೀನವಾದವು. ಆದ್ದರಿಂದ ಶೆಂಗೆನ್‌ನ ಜನಸಂಖ್ಯೆ ಎಂದು ಸಾವಿರಗಳ ಲೆಕ್ಕದಲ್ಲಿ ಕಾಣುವ ಅಂಕಿ ಹಲವು ಊರುಗಳನ್ನು ಕೂಡಿಸಿದ್ದು. ಮೂಲ ಹಳ್ಳಿಯಲ್ಲಿರುವವರು ಕೆಲವು ನೂರು ಜನ ಮಾತ್ರ.

ಮೂರು ದೇಶಗಳು ಕೂಡುವ ಬಿಂದು ಎಲ್ಲಿದೆ? ನದಿಯ ಯಾವ ಭಾಗ ಯಾರದು?

ಈ ಪ್ರಶ್ನೆಗೆ ಬಹುತೇಕ ಪ್ರವಾಸಿ ಕೈಪಿಡಿಗಳು ‘ನದಿಯ ನಟ್ಟನಡುವೆ’ ಎಂದು ಉತ್ತರಿಸಿ ಮುಂದೆ ಹೋಗುತ್ತವೆ. ವಸ್ತುಸ್ಥಿತಿ ಅದಕ್ಕಿಂತ ಸ್ವಾರಸ್ಯಕರವಾಗಿದೆ.

ಎರಡು ದೇಶಗಳ ನಡುವೆ ನದಿ ಹರಿದರೆ ಸಾಮಾನ್ಯವಾಗಿ ಅದರ ಮಧ್ಯದಲ್ಲೋ ಆಳವಾದ ಪಾತ್ರದ ಗುಂಟವೋ ಒಂದು ಗೆರೆ ಎಳೆದು, ಈಚೆಗಿನದು ನಮ್ಮದು, ಆಚೆಗಿನದು ನಿಮ್ಮದು ಎಂದು ಪಾಲು ಮಾಡಿಕೊಳ್ಳುತ್ತಾರೆ. ಲಕ್ಸೆಂಬರ್ಗ್ ಮತ್ತು ಜರ್ಮನಿಯ ನಡುವೆ ಅಂಥ ಗೆರೆಯೇ ಇಲ್ಲ. 1815ರ ವಿಯೆನ್ನಾ ಸಮಾವೇಶದಲ್ಲಿ ಮೊಸೆಲ್, ಸೌಯರ್ ಮತ್ತು ಔರ್ ನದಿಗಳ ಪೂರ್ವದ ಪ್ರದೇಶ ಪ್ರಷ್ಯಾ ಎಂಬ ಆಗಿನ ಜರ್ಮನ್ ರಾಜ್ಯದ ಪಾಲಾಯಿತು. ಮರುವರ್ಷ, ಎಂದರೆ 1816ರಲ್ಲಿ, ಪ್ರಷ್ಯಾ ಮತ್ತು ನೆದರ್ಲೆಂಡ್ಸ್ ನಡುವೆ ಆದ ಗಡಿ ಒಪ್ಪಂದ ಈ ನದಿಗಳನ್ನು ಹಂಚದೆ ಎರಡೂ ಕಡೆಯವರ ಕೂಡು ಆಸ್ತಿಯಾಗಿಯೇ ಉಳಿಸಿತು. ಆಗ ಲಕ್ಸೆಂಬರ್ಗಿನ ಗ್ರ್ಯಾಂಡ್ ಡ್ಯೂಕ್ ಪಟ್ಟ ನೆದರ್ಲೆಂಡ್ಸ್ ದೊರೆಯ ಬಳಿಯೇ ಇದ್ದುದರಿಂದ ಸಹಿ ಹಾಕುವ ಹೊಣೆಯೂ ಅವರದಾಗಿತ್ತು. ಪ್ರಷ್ಯಾ ಹೋಯಿತು, ಜರ್ಮನ್ ಸಾಮ್ರಾಜ್ಯ ಬಂದು ಹೋಯಿತು, ಎರಡು ಮಹಾಯುದ್ಧಗಳೂ ಮುಗಿದವು. ಆದರೆ ನದಿಯ ಈ ಸಹ ಒಡೆತನ ಉಳಿದುಕೊಂಡಿತು. 1984ರ ಡಿಸೆಂಬರ್‌ನಲ್ಲಿ ಲಕ್ಸೆಂಬರ್ಗ್ ಮತ್ತು ಆಗಿನ ಪಶ್ಚಿಮ ಜರ್ಮನಿ ಹೊಸ ಒಪ್ಪಂದ ಮಾಡಿಕೊಂಡು ಅದನ್ನು ಮತ್ತೆ ದೃಢಪಡಿಸಿದವು. ಅದರಂತೆ ನೀರು ಮಾತ್ರವಲ್ಲ, ನೀರಿನ ಮೇಲಿನ ಅವಕಾಶ, ಕೆಳಗಿನ ನೆಲ ಕೂಡ ಜಂಟಿ ಪ್ರದೇಶ. ಇಲ್ಲಿ ದೋಣಿಯಲ್ಲಿ ಕುಳಿತು ಗಾಳ ಹಾಕುವವನು ಒಂದೇ ಹೊತ್ತಿಗೆ ಎರಡೂ ದೇಶಗಳಲ್ಲಿರುತ್ತಾನೆ. ಅವನು ಪಡೆಯಬೇಕಾದ ಮೀನುಗಾರಿಕೆ ಪರವಾನಗಿ ಕೂಡ ಗಡಿ ನೀರಿಗೆಂದೇ ಇರುವ ಪ್ರತ್ಯೇಕ ಪರವಾನಗಿ.

ಮೇಲ್ಭಾಗದಲ್ಲಿ, ಎಂದರೆ ದಕ್ಷಿಣಕ್ಕೆ, ನದಿಯ ಎರಡೂ ದಂಡೆಗಳು ಫ್ರಾನ್ಸಿನವು. ಹಾಗಾಗಿ ಫ್ರಾನ್ಸಿನ ನದಿ ಮುಗಿದು ಜಂಟಿ ನದಿ ಆರಂಭವಾಗುವ ಜಾಗ ಒಂದು ಬಿಂದುವಲ್ಲ. ದಂಡೆಯಿಂದ ದಂಡೆಗೆ ನೀರಿನ ಮೇಲೆ ಹಾದ ಒಂದು ಅಡ್ಡಗೆರೆ. ಛಾಯಾಚಿತ್ರ ತೆಗೆಸಿಕೊಳ್ಳಲು ನಡುನೀರಿನಲ್ಲಿ ಒಂದು ಕಂಬ ಹುಡುಕುವವರಿಗೆ ಇದು ನಿರಾಶೆ ತರಬಹುದು.

ಮೊಸೆಲ್ ಎಷ್ಟು ದೊಡ್ಡ ನದಿ?

ಫ್ರಾನ್ಸಿನ ವೋಜ್ ಬೆಟ್ಟಸಾಲಿನಲ್ಲಿ ಹುಟ್ಟಿ, ಮೆಟ್ಜ್, ತಿಯೋನ್‌ವಿಲ್ ನಗರಗಳನ್ನು ಹಾದು, ಶೆಂಗೆನ್‌ನಿಂದ ವಾಸರ್‌ಬಿಲಿಗ್‌ವರೆಗೆ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ ದೂರ ಎರಡು ದೇಶಗಳ ಗಡಿಯಾಗಿ ಹರಿದು, ಬಳಿಕ ಜರ್ಮನಿಯ ಕೊಬ್ಲೆನ್ಜ್‌ನಲ್ಲಿ ರೈನ್ ನದಿಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 545 ಕಿಲೋಮೀಟರ್. 1956ರಲ್ಲಿ ಮೂರೂ ದೇಶಗಳು ಒಪ್ಪಿ, ಅಣೆಕಟ್ಟು ಮತ್ತು ಲಾಕ್‌ಗಳನ್ನು (ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಕಟ್ಟೆಗಳನ್ನು) ಕಟ್ಟಿ, 1964ರಲ್ಲಿ ದೊಡ್ಡ ಸರಕು ದೋಣಿಗಳಿಗೆ ನದಿಯನ್ನು ತೆರೆದವು. ಹೀಗಾಗಿ ಇಂದು ಕಾಣುವ ಮೊಸೆಲ್ ನಿಧಾನವಾಗಿ, ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಹರಿಯುತ್ತದೆ.

ಈ ಗಡಿ ಯಾವಾಗಲೂ ಇಷ್ಟು ಶಾಂತವಾಗಿತ್ತೇ?

ಇಲ್ಲ. ಇಲ್ಲಿನ ಜನ ಮನೆ ಬದಲಿಸದೆಯೇ ದೇಶ ಬದಲಿಸಿದವರು. ಅಪಾಕ್ ಮತ್ತು ಅದರ ಪಕ್ಕದ ಸಿಯರ್ಕ್ ಪಟ್ಟಣ 1871ರವರೆಗೆ ಫ್ರಾನ್ಸಿನಲ್ಲಿದ್ದವು. ಫ್ರಾನ್ಸ್ ಪ್ರಷ್ಯಾಕ್ಕೆ ಸೋತ ಮೇಲೆ ಜರ್ಮನಿಗೆ ಹೋದವು. 1918ರಲ್ಲಿ ಫ್ರಾನ್ಸಿಗೆ ಮರಳಿದವು. 1940ರಲ್ಲಿ ಮತ್ತೆ ಜರ್ಮನಿಯ ವಶವಾದವು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಪುನಃ ಫ್ರಾನ್ಸಿನದಾದವು. 1865ರಲ್ಲಿ ಅಲ್ಲಿ ಹುಟ್ಟಿ ಎಂಬತ್ತು ವರ್ಷ ಬದುಕಿದ ಒಬ್ಬಳು ಮುದುಕಿ ನಾಲ್ಕು ಸಲ ರಾಷ್ಟ್ರೀಯತೆ ಬದಲಿಸಿರುತ್ತಾಳೆ. ಪೆರ್ಲ್ ಊರಿನ ಕತೆಯೂ ಕಡಿಮೆಯದಲ್ಲ. ಪ್ರಷ್ಯಾದ ರೈನ್ ಪ್ರಾಂತದಲ್ಲಿದ್ದ ಅದನ್ನು ಯುದ್ಧದ ನಂತರ ಫ್ರಾನ್ಸಿನ ರಕ್ಷಣೆಯಲ್ಲಿದ್ದ ಸಾರ್ ಪ್ರದೇಶಕ್ಕೆ ಸೇರಿಸಲಾಯಿತು. ಆ ಸಾರ್ ಪ್ರದೇಶ 1957ರ ಜನವರಿ 1ರಂದು ಪಶ್ಚಿಮ ಜರ್ಮನಿಗೆ ಸೇರಿತು.

1939 ಮತ್ತು 1940ರಲ್ಲಿ ಲಕ್ಸೆಂಬರ್ಗ್ ತನ್ನ ಗಡಿ ಸೇತುವೆಗಳಿಗೆ ಕಾಂಕ್ರೀಟ್ ದಿಮ್ಮಿ ಮತ್ತು ಉಕ್ಕಿನ ಬಾಗಿಲುಗಳನ್ನು ಅಡ್ಡ ಹಾಕಿತ್ತು. ಶೂಸ್ಟರ್ ರೇಖೆ ಎಂದು ಕರೆಯುವ ಈ ತಡೆ ಶೆಂಗೆನ್‌ನಲ್ಲೂ ಇತ್ತು. 1940ರ ಮೇ 10ರಂದು ಜರ್ಮನ್ ಸೇನೆ ನುಗ್ಗಿದಾಗ ಆ ತಡೆ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ ಪ್ರಯೋಜನಕ್ಕೆ ಬಂತು. 1944-45ರ ಚಳಿಗಾಲದಲ್ಲಿ ಎದುರು ದಂಡೆಯ ಪೆರ್ಲ್, ನೆನ್ನಿಗ್ ಸುತ್ತಲ ಹಳ್ಳಿಗಳಲ್ಲಿ ಅಮೆರಿಕನ್ ಮತ್ತು ಜರ್ಮನ್ ಪಡೆಗಳ ನಡುವೆ ವಾರಗಟ್ಟಲೆ ಕಾದಾಟ ನಡೆಯಿತು. ಗಡಿ ತೆರೆದ ಊರು ಎಂದು ಇಂದು ಹೆಸರಾದ ಜಾಗದಲ್ಲಿ ಒಂದು ಕಾಲಕ್ಕೆ ಉಕ್ಕಿನ ಬಾಗಿಲಿತ್ತು ಎಂಬುದನ್ನು ಮರೆತು ಮುಂದಿನ ಒಪ್ಪಂದವನ್ನು ಅರ್ಥಮಾಡಿಕೊಳ್ಳಲಾಗದು.

1985ರ ಒಪ್ಪಂದಕ್ಕೆ ಏನು ಕಾರಣ?

ಆದರ್ಶಕ್ಕಿಂತ ಹೆಚ್ಚಾಗಿ, ಲಾರಿಗಳ ಸಾಲು. 1984ರ ಫೆಬ್ರವರಿಯಲ್ಲಿ ಆಲ್ಪ್ಸ್ ಪರ್ವತದ ಗಡಿ ದಾರಿಗಳಲ್ಲಿ ಕಸ್ಟಮ್ಸ್ ಸಿಬ್ಬಂದಿ ಕೆಲಸ ನಿಧಾನಗೊಳಿಸಿ ಮುಷ್ಕರ ಹೂಡಿದರು. ಅದರಿಂದ ಸಿಕ್ಕಿಬಿದ್ದ ಲಾರಿ ಚಾಲಕರು ಸಿಟ್ಟಿಗೆದ್ದು ಫ್ರಾನ್ಸಿನ ಹೆದ್ದಾರಿಗಳನ್ನೇ ತಡೆದರು. ಸರಕು ಸಾಗಣೆ ಸ್ತಬ್ಧವಾದಾಗ, ಒಂದೇ ಆರ್ಥಿಕ ಸಮುದಾಯದಲ್ಲಿರುವ ದೇಶಗಳ ನಡುವೆ ಈ ಕಾಯುವಿಕೆ ಏಕೆ ಎಂಬ ಪ್ರಶ್ನೆಯನ್ನು ಸರ್ಕಾರಗಳು ತಪ್ಪಿಸಿಕೊಳ್ಳಲಾಗಲಿಲ್ಲ. ಅದೇ ವರ್ಷದ ಜುಲೈ 13ರಂದು ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸಾರ್‌ಬ್ರೂಕೆನ್‌ನಲ್ಲಿ ತಮ್ಮಿಬ್ಬರ ಗಡಿ ತಪಾಸಣೆಯನ್ನು ಹಂತ ಹಂತವಾಗಿ ಕೈಬಿಡಲು ಒಪ್ಪಿಕೊಂಡವು. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೇರಿದ ಬೆನೆಲಕ್ಸ್ ಗುಂಪು 1960ರಲ್ಲಿಯೇ ತಮ್ಮೊಳಗಿನ ಜನಸಂಚಾರದ ತಪಾಸಣೆಯನ್ನು ಹೊರಗಡಿಗೆ ಸಾಗಿಸುವ ಒಪ್ಪಂದ ಮಾಡಿಕೊಂಡಿತ್ತು. ಎರಡು ದೇಶಗಳ ಏರ್ಪಾಡು ಒಂದು ಕಡೆ, ಮೂರು ದೇಶಗಳ ಏರ್ಪಾಡು ಇನ್ನೊಂದು ಕಡೆ. ಇವೆರಡನ್ನೂ ಹೊಲಿಯುವುದಷ್ಟೇ ಉಳಿದಿತ್ತು.

ಅದಕ್ಕೆ ಈ ಹಳ್ಳಿಯನ್ನೇ ಏಕೆ ಆರಿಸಿದರು? ಸಹಿ ಹಡಗಿನಲ್ಲಿ ನಡೆದದ್ದು ನಿಜವೇ?

ನಿಜ. 1985ರ ಜೂನ್ 14ರಂದು ‘ಪ್ರಿನ್ಸೆಸ್ ಮರೀ-ಆಸ್ಟ್ರಿಡ್’ ಎಂಬ ಪ್ರವಾಸಿ ಹಡಗಿನ ಮೇಲೆ, ಮೊಸೆಲ್ ನದಿಯಲ್ಲಿ, ಐದು ದೇಶಗಳು ಸಹಿ ಹಾಕಿದವು. ಜಾಗವನ್ನು ಸೂಚಿಸುವ ಅವಕಾಶ ಆ ಹೊತ್ತಿಗೆ ಬೆನೆಲಕ್ಸ್ ಅಧ್ಯಕ್ಷತೆ ವಹಿಸಿದ್ದ ಲಕ್ಸೆಂಬರ್ಗಿಗೆ ಸಿಕ್ಕಿತು. ಬೆನೆಲಕ್ಸ್, ಫ್ರಾನ್ಸ್, ಜರ್ಮನಿ ಮೂರೂ ಭೂಮಿಯ ಮೇಲೆ ಒಂದನ್ನೊಂದು ಮುಟ್ಟುವ ಸ್ಥಳ ಶೆಂಗೆನ್ ಒಂದೇ ಆಗಿದ್ದುದರಿಂದ ಲಕ್ಸೆಂಬರ್ಗ್ ಅದನ್ನು ಹೆಸರಿಸಿತು. ನದಿಯೇ ಜಂಟಿ ಆಸ್ತಿಯಾಗಿದ್ದರಿಂದ ಹಡಗನ್ನು ಆರಿಸಿದ್ದರಲ್ಲಿ ಒಂದು ಔಚಿತ್ಯವೂ ಇತ್ತು: ಯಾರೊಬ್ಬರ ನೆಲದ ಮೇಲೂ ಅಲ್ಲದ ಜಾಗ ಅದು.

ಆದರೆ ಆ ದಿನವನ್ನು ಮಹಾ ಐತಿಹಾಸಿಕ ಸಮಾರಂಭವಾಗಿ ಊಹಿಸಿಕೊಳ್ಳುವುದು ಸರಿಯಲ್ಲ. ಪ್ರಧಾನಿಗಳಾಗಲಿ ವಿದೇಶಾಂಗ ಸಚಿವರಾಗಲಿ ಬರಲಿಲ್ಲ. ಬೆಲ್ಜಿಯಂನ ಪರವಾಗಿ ಪೌಲ್ ಡಿ ಕೀರ್ಸ್‌ಮೇಕರ್, ಪಶ್ಚಿಮ ಜರ್ಮನಿಯ ವಾಲ್ಡೆಮಾರ್ ಶ್ರೆಕೆನ್‌ಬೆರ್ಗರ್, ಫ್ರಾನ್ಸಿನ ಕ್ಯಾಥರೀನ್ ಲಾಲುಮಿಯೆರ್, ಲಕ್ಸೆಂಬರ್ಗಿನ ರೋಬರ್ಟ್ ಗೋಬೆಲ್ಸ್, ನೆದರ್ಲೆಂಡ್ಸ್‌ನ ವಿಮ್ ವಾನ್ ಈಕೆಲೆನ್ ಸಹಿ ಮಾಡಿದರು. ಐವರೂ ರಾಜ್ಯ ಕಾರ್ಯದರ್ಶಿ ದರ್ಜೆಯವರು. ಆಗ ಇಂದಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಸಮುದಾಯದಲ್ಲಿ ಹತ್ತು ಸದಸ್ಯ ರಾಷ್ಟ್ರಗಳಿದ್ದವು; ಉಳಿದ ಐದು ಈ ಪ್ರಯೋಗದಿಂದ ಹೊರಗೇ ಉಳಿದವು. ದೊಡ್ಡ ಮಾತುಗಳಿಲ್ಲದೆ ಕೆಳಗಿನ ದರ್ಜೆಯಲ್ಲಿ ನಡೆದದ್ದರಿಂದಲೇ ಕೆಲಸ ಸುಗಮವಾಯಿತು ಎಂದು ಹೇಳಲು ಅಡ್ಡಿಯಿಲ್ಲ.

ಒಪ್ಪಂದದಲ್ಲಿ ನಿಜಕ್ಕೂ ಏನು ಬರೆದಿತ್ತು?

ಮೂವತ್ತಮೂರು ವಿಧಿಗಳ ಚಿಕ್ಕ ದಾಖಲೆ ಅದು. ಅದರ ಬಹುಪಾಲು ಉದ್ದೇಶಗಳ ಪಟ್ಟಿ. ತಕ್ಷಣ ಜಾರಿಯಾಗುವಂತಹ ಅಂಶಗಳು ಕೆಲವೇ. ಖಾಸಗಿ ಕಾರುಗಳನ್ನು ಗಡಿಯಲ್ಲಿ ನಿಲ್ಲಿಸಬೇಕಿಲ್ಲ, ಅವು ವೇಗ ತಗ್ಗಿಸಿ ಸಾಗುವಾಗ ಅಧಿಕಾರಿಗಳು ಕಣ್ಣಿನಿಂದ ನೋಡಿದರೆ ಸಾಕು, ಅನುಮಾನ ಬಂದರೆ ಮಾತ್ರ ಅಲ್ಲಲ್ಲಿ ತಡೆದು ಪರಿಶೀಲಿಸಬಹುದು ಎಂಬುದು ಮುಖ್ಯ ನಿಯಮ.

ಇದಕ್ಕೆ ನೆರವಾಗಲು ಒಂದು ಹಸಿರು ಬಿಲ್ಲೆಯನ್ನು ಗೊತ್ತುಮಾಡಲಾಯಿತು. ಕನಿಷ್ಠ ಎಂಟು ಸೆಂಟಿಮೀಟರ್ ವ್ಯಾಸದ ಈ ದುಂಡನೆಯ ಬಿಲ್ಲೆಯನ್ನು ಕಾರಿನ ಮುಂಗಾಜಿಗೆ ಅಂಟಿಸಿದರೆ, ಒಳಗಿರುವವರೆಲ್ಲ ಗಡಿ ಪೊಲೀಸರ ನಿಯಮಕ್ಕೆ ಬದ್ಧರು, ಸುಂಕವಿಲ್ಲದೆ ಒಯ್ಯಬಹುದಾದಷ್ಟೇ ಸರಕು ಅವರ ಬಳಿ ಇದೆ, ವಿದೇಶಿ ವಿನಿಮಯದ ಕಟ್ಟಳೆಯನ್ನೂ ಅವರು ಮೀರಿಲ್ಲ ಎಂದು ಚಾಲಕ ಘೋಷಿಸಿದಂತೆ. ಇಂದು ಮೂರು ಸಾವಿರ ಕಿಲೋಮೀಟರ್ ದೂರ ಯಾರೂ ತಡೆಯದ ಪ್ರಯಾಣವನ್ನು ಸಹಜವೆಂದು ಭಾವಿಸುವವರು ಈ ಬಿಲ್ಲೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಆರಂಭದಲ್ಲಿ ಕೇಳಿದ್ದು ಗಡಿಯ ಅಂತ್ಯವನ್ನಲ್ಲ, ಕಾರು ಪೂರ್ತಿ ನಿಲ್ಲದೆ ಸಾಗಬಹುದಾದ ಒಂದು ಸಣ್ಣ ಅನುಕೂಲವನ್ನು.

ಹಾಗಾದರೆ ತಪಾಸಣೆ ಪೂರ್ತಿ ನಿಂತದ್ದು ಯಾವಾಗ?

ಸಹಿ ಬಿದ್ದ ಸುಮಾರು ಹತ್ತು ವರ್ಷಗಳ ಬಳಿಕ. 1990ರ ಜನವರಿ 1ರೊಳಗೆ ತಪಾಸಣೆ ಕೊನೆಗೊಳ್ಳಬೇಕೆಂಬ ಗುರಿ ಇತ್ತು. ಆದರೆ ಒಳಗಿನ ಬಾಗಿಲು ತೆಗೆದರೆ ಹೊರಗಿನ ಬಾಗಿಲನ್ನು ಯಾರು ಕಾಯಬೇಕು, ವೀಸಾ ಯಾರು ಕೊಡಬೇಕು, ಓಡಿಹೋಗುವ ಅಪರಾಧಿಯನ್ನು ಪೊಲೀಸರು ಗಡಿ ದಾಟಿ ಬೆನ್ನಟ್ಟಬಹುದೇ ಎಂಬ ಪ್ರಶ್ನೆಗಳು ಎದ್ದವು. ಇವುಗಳಿಗೆ ಉತ್ತರಿಸಲು 142 ವಿಧಿಗಳ ಇನ್ನೊಂದು ಒಡಂಬಡಿಕೆ ಬೇಕಾಯಿತು. 1989ರ ಡಿಸೆಂಬರ್‌ನಲ್ಲಿ ಅದಕ್ಕೆ ಸಹಿ ಬೀಳಬೇಕಿತ್ತು. ಅದಕ್ಕೆ ಕೆಲವೇ ವಾರಗಳ ಹಿಂದೆ ಬರ್ಲಿನ್ ಗೋಡೆ ಉರುಳಿ, ಪೂರ್ವ ಜರ್ಮನಿಯನ್ನು ಏನೆಂದು ಪರಿಗಣಿಸಬೇಕು ಎಂಬುದೇ ಸಮಸ್ಯೆಯಾದ್ದರಿಂದ ಮುಂದಕ್ಕೆ ಹೋಯಿತು. ಕೊನೆಗೆ 1990ರ ಜೂನ್ 19ರಂದು ಇದೇ ಊರಿನಲ್ಲಿ ಸಹಿಯಾಗಿ, 1995ರ ಮಾರ್ಚ್ 26ರಂದು ಜಾರಿಗೆ ಬಂತು. ಅಷ್ಟರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಕೂಡ ಸಿದ್ಧವಾಗಿದ್ದರಿಂದ ಮೊದಲ ದಿನ ಏಳು ದೇಶಗಳಿದ್ದವು. 1999ರ ಮೇ 1ರಿಂದ, ಆಮ್‌ಸ್ಟರ್‌ಡ್ಯಾಂ ಒಪ್ಪಂದದ ಮೂಲಕ, ಈ ವ್ಯವಸ್ಥೆ ಐರೋಪ್ಯ ಒಕ್ಕೂಟದ ಕಾನೂನಿನ ಭಾಗವೇ ಆಯಿತು.

ಇಂದು ಒಟ್ಟು 29 ದೇಶಗಳು ಇದರಲ್ಲಿವೆ. ಐರೋಪ್ಯ ಒಕ್ಕೂಟದ ಸದಸ್ಯರಲ್ಲಿ ಐರ್ಲೆಂಡ್ ಮತ್ತು ಸೈಪ್ರಸ್ ಇದರ ಹೊರಗಿವೆ. ಒಕ್ಕೂಟದ ಸದಸ್ಯರಲ್ಲದ ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಒಳಗಿವೆ. ಕ್ರೊಯೇಷಿಯಾ 2023ರಲ್ಲಿ ಸೇರಿತು. ಬಲ್ಗೇರಿಯಾ ಮತ್ತು ರೊಮೇನಿಯಾಗಳ ಭೂಗಡಿ ತಪಾಸಣೆ 2025ರ ಜನವರಿ 1ರಿಂದ ನಿಂತಿದೆ.

ಊರಿನ ಜನ ಏನು ಮಾಡಿ ಬದುಕುತ್ತಾರೆ?

ಹಳೆಯ ಉತ್ತರ ದ್ರಾಕ್ಷಿ. ಮೊಸೆಲ್ ದಂಡೆ ಲಕ್ಸೆಂಬರ್ಗಿನ ವೈನ್ ಪ್ರದೇಶ. ಶೆಂಗೆನ್ ಸುತ್ತಲಿನ ಜೇಡಿಮಿಶ್ರಿತ ಸುಣ್ಣದ ಮಣ್ಣಿನಲ್ಲಿ ಓಸೆರ್ವಾ, ಪಿನೋ ಗ್ರಿ, ರೀವಾನರ್ ಮುಂತಾದ ಬಿಳಿ ವೈನಿನ ತಳಿಗಳು ಚೆನ್ನಾಗಿ ಬರುತ್ತವೆ. ಕ್ರೆಮಾಂ ಎಂಬ ನೊರೆಯುಕ್ಕುವ ವೈನ್ ಕೂಡ ಇಲ್ಲಿಯದೇ. ಸ್ಟ್ರೊಂಬೆರ್ಗ್ ಗುಡ್ಡದಲ್ಲಿ ಹಿಂದೆ ಜಿಪ್ಸಂ ಗಣಿಗಾರಿಕೆಯೂ ನಡೆಯುತ್ತಿತ್ತು.

ಹೊಸ ಉತ್ತರ, ಗಡಿಯೇ ಒಂದು ಕಸುಬು ಎಂಬುದು. ಲಕ್ಸೆಂಬರ್ಗಿನಲ್ಲಿ ಪೆಟ್ರೋಲ್, ತಂಬಾಕಿನ ಮೇಲಿನ ತೆರಿಗೆ ನೆರೆಯವರಿಗಿಂತ ಕಡಿಮೆಯಾದ್ದರಿಂದ ಸೇತುವೆ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುವುದು ಎದುರು ದಂಡೆಯವರ ಹಳೆಯ ರೂಢಿ. ಯುರೋಪಿನ ಏಕತೆಯ ಸ್ಮಾರಕ ನೋಡಲು ಬಂದವರಿಗೆ ಮೊದಲು ಎದುರಾಗುವುದು ಪೆಟ್ರೋಲ್ ಬಂಕ್ ಮತ್ತು ಕಾಫಿ, ಸಿಗರೇಟು ಕಟ್ಟುಗಳನ್ನು ಹೊತ್ತು ಹೊರಬರುವ ಜನ. ಇದನ್ನು ಕೆಲವರು ಹಗುರವಾಗಿ ಕಾಣುತ್ತಾರೆ. ಆದರೆ ಗಡಿ ಮುಚ್ಚಬಾರದೆಂದು ನಿತ್ಯ ಬಯಸುವವರು ಇಂಥ ಗಿರಾಕಿಗಳೇ ಹೊರತು ಭಾಷಣಕಾರರಲ್ಲ. ಇದಕ್ಕಿಂತ ದೊಡ್ಡದು ಕೂಲಿ ಮತ್ತು ಸಂಬಳದ ಸಂಚಾರ. ಏಳು ಲಕ್ಷ ಜನಸಂಖ್ಯೆಯೂ ಇಲ್ಲದ ಲಕ್ಸೆಂಬರ್ಗಿಗೆ ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳಿಂದ ಎರಡು ಲಕ್ಷಕ್ಕೂ ಹೆಚ್ಚು ಜನ ದಿನವೂ ಕೆಲಸಕ್ಕೆ ಬಂದು ಸಂಜೆ ತಮ್ಮ ದೇಶಕ್ಕೆ ಮರಳುತ್ತಾರೆ. ಇತ್ತ ಲಕ್ಸೆಂಬರ್ಗಿನಲ್ಲಿ ಮನೆಯ ಬೆಲೆ ಕೈಗೆಟುಕದವರು ಪೆರ್ಲ್‌ನಲ್ಲಿ ಮನೆ ಮಾಡುತ್ತಾರೆ. 2007ರಲ್ಲಿ ಪೆರ್ಲ್‌ನಲ್ಲಿ ಆರಂಭವಾದ ಜರ್ಮನ್-ಲಕ್ಸೆಂಬರ್ಗ್ ಜಂಟಿ ಪ್ರೌಢಶಾಲೆಗೆ ಶೆಂಗೆನ್‌ನ ಹೆಸರನ್ನೇ ಇಡಲಾಗಿದೆ. ಶಾಲೆ ಇರುವುದು ಮಾತ್ರ ಜರ್ಮನಿಯ ನೆಲದಲ್ಲಿ.

ಈಗ ಗಡಿಯಲ್ಲಿ ಮತ್ತೆ ತಪಾಸಣೆ ಇದೆಯೆಂದು ಕೇಳಿದ್ದೇವೆ. ನಿಜವೇ?

ನಿಜ. ಸಾರ್ವಜನಿಕ ಸುರಕ್ಷತೆಗೆ ಗಂಭೀರ ಅಪಾಯವಿದೆ ಎಂದು ಕಂಡಾಗ ಸದಸ್ಯ ರಾಷ್ಟ್ರ ತಾತ್ಕಾಲಿಕವಾಗಿ ತಪಾಸಣೆಯನ್ನು ಮರಳಿ ತರಬಹುದೆಂದು ನಿಯಮವೇ ಹೇಳುತ್ತದೆ. ಕೋವಿಡ್ ಹರಡಿದಾಗ 2020ರ ಮಾರ್ಚ್ 16ರಿಂದ ಎರಡು ತಿಂಗಳು ಜರ್ಮನಿ ಈ ಗಡಿಯಲ್ಲಿ ಪೊಲೀಸರನ್ನು ನಿಲ್ಲಿಸಿ, ಹಲವು ಸಣ್ಣ ದಾರಿಗಳನ್ನು ಮುಚ್ಚಿತು. ಅದೇ ತಿಂಗಳು ಕಾಸರಗೋಡು ಮತ್ತು ಮಂಗಳೂರಿನ ನಡುವಿನ ರಸ್ತೆಗಳಿಗೆ ಮಣ್ಣು ಸುರಿದಾಗ ಆಸ್ಪತ್ರೆಗೂ ಕೆಲಸಕ್ಕೂ ದಿನವೂ ಗಡಿ ದಾಟುತ್ತಿದ್ದವರು ಪಟ್ಟ ಪಾಡನ್ನು ಬಲ್ಲ ಕನ್ನಡಿಗರಿಗೆ ಮೊಸೆಲ್ ದಂಡೆಯವರ ಕಳವಳವನ್ನು ಬಿಡಿಸಿ ಹೇಳಬೇಕಿಲ್ಲ.

ಅನಧಿಕೃತ ವಲಸೆಯನ್ನು ಕಾರಣವಾಗಿ ಕೊಟ್ಟು 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಆರಂಭಿಸಿ, ಆಮೇಲೆ ಅದನ್ನು ವಿಸ್ತರಿಸಿತು. ಲಕ್ಸೆಂಬರ್ಗ್ ಇದಕ್ಕೆ ಅಧಿಕೃತವಾಗಿ ಆಕ್ಷೇಪ ಸಲ್ಲಿಸಿತು. ಪ್ರತಿ ವಾಹನವನ್ನೂ ತಡೆಯುವುದಿಲ್ಲ, ಹೆದ್ದಾರಿಯಲ್ಲಿ ಆಯ್ದು ನೋಡುತ್ತಾರೆ. ಆದರೂ ಕೆಲಸದ ಹೊತ್ತಿನಲ್ಲಿ ಸಾಲು ಬೆಳೆಯುತ್ತದೆ. ತಾತ್ಕಾಲಿಕ ಎಂಬ ಹೆಸರಿನಲ್ಲಿ ಬಂದ ವ್ಯವಸ್ಥೆ ಮೇಲಿಂದ ಮೇಲೆ ನವೀಕರಣಗೊಂಡರೆ ಮೂಲ ಒಪ್ಪಂದದಲ್ಲಿ ಉಳಿಯುವುದು ಆ ಹಸಿರು ಬಿಲ್ಲೆಯಷ್ಟೇ ಅನುಕೂಲ ಎಂಬ ಟೀಕೆಯನ್ನು ತಳ್ಳಿಹಾಕುವುದು ಕಷ್ಟ.

ಈ ಹಳ್ಳಿಗೆ ಹೋಗಲು ವೀಸಾ ಎಲ್ಲಿಂದ ಪಡೆಯಬೇಕು? ಊರಿನಲ್ಲಿ ವೀಸಾ ಕಚೇರಿ ಇದೆಯೇ?

ಊರಿನಲ್ಲಿ ಅಂಥ ಕಚೇರಿ ಇಲ್ಲ. ವೀಸಾಕ್ಕೂ ಈ ಊರಿಗೂ ಹೆಸರಿನ ನಂಟಷ್ಟೇ. ಯಾವುದೇ ಸದಸ್ಯ ರಾಷ್ಟ್ರ ಕೊಟ್ಟ ಸಾಮಾನ್ಯ ಶೆಂಗೆನ್ ವೀಸಾದಲ್ಲಿ ಇಲ್ಲಿಗೆ ಬರಬಹುದು. ಪ್ರವಾಸದ ಮುಖ್ಯ ಗುರಿ ಯಾವ ದೇಶವೋ, ಹೆಚ್ಚು ದಿನ ಎಲ್ಲಿ ಕಳೆಯುವಿರೋ, ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ಯಾರಿಸ್‌ನಲ್ಲಿ ಐದು ದಿನ ಇದ್ದು ಶೆಂಗೆನ್‌ಗೆ ಒಂದು ಮಧ್ಯಾಹ್ನ ಬರುವವರು ಫ್ರಾನ್ಸಿಗೇ ಅರ್ಜಿ ಸಲ್ಲಿಸಬೇಕು. ಯಾವ ದೇಶದ ವೀಸಾ ಬೇಗ ಸಿಗುತ್ತದೆಂದು ಕೇಳಿ, ಅಲ್ಲಿಗೆ ಹೋಗುವ ಇರಾದೆ ಇಲ್ಲದೆ ಅರ್ಜಿ ಹಾಕುವ ಪರಿಪಾಠ ನಮ್ಮಲ್ಲಿ ಹೆಚ್ಚಾಗಿದೆ. ಅದರಿಂದ ಗಡಿಯಲ್ಲಿ ಅನಗತ್ಯ ಪ್ರಶ್ನೆಗಳನ್ನು ಎದುರಿಸಬೇಕಾದೀತು.

180 ದಿನಗಳ ಅವಧಿಯಲ್ಲಿ 90 ದಿನ ಇರಲು ಅವಕಾಶವಿದೆ. 2024ರ ಜೂನ್ 11ರಿಂದ ವಯಸ್ಕರ ಶುಲ್ಕ 90 ಯೂರೊ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲವೂ ಸಿಕ್ಕಿದೆ: ಹಿಂದಿನ ಮೂರು ವರ್ಷಗಳಲ್ಲಿ ಎರಡು ಶೆಂಗೆನ್ ವೀಸಾಗಳನ್ನು ಪಡೆದು ಸರಿಯಾಗಿ ಬಳಸಿದವರು ಎರಡು ವರ್ಷದ, ಹಲವು ಬಾರಿ ಪ್ರವೇಶದ ವೀಸಾಕ್ಕೆ ಅರ್ಹರು, ಆ ಬಳಿಕ ಐದು ವರ್ಷದ ವೀಸಾ ಪಡೆಯುವ ದಾರಿಯೂ ತೆರೆದಿದೆ. 2025ರ ಅಕ್ಟೋಬರ್ 12ರಿಂದ ಹೊರಗಡಿಯಲ್ಲಿ ಮುಖದ ಚಿತ್ರ, ಬೆರಳಚ್ಚುಗಳನ್ನು ದಾಖಲಿಸುವ ಹೊಸ ವ್ಯವಸ್ಥೆ ಆರಂಭವಾಗಿರುವುದರಿಂದ ದಿನಗಳ ಲೆಕ್ಕ ತಪ್ಪಿದರೆ ಯಂತ್ರವೇ ಹಿಡಿಯುತ್ತದೆ.

ತಲುಪುವುದು ಹೇಗೆ?

ಶೆಂಗೆನ್‌ಗೆ ರೈಲು ನಿಲ್ದಾಣವಿಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ಗೆ ನೇರ ವಿಮಾನದಲ್ಲಿ ಬಂದು, ರೈಲಿನಲ್ಲಿ ಲಕ್ಸೆಂಬರ್ಗ್ ನಗರ ಸೇರಿ, ಅಲ್ಲಿಂದ ಬಸ್ಸಿನಲ್ಲಿ ಬರುವುದು ಒಂದು ದಾರಿ. 2020ರಿಂದ ಲಕ್ಸೆಂಬರ್ಗಿನ ಒಳಗಿನ ಬಸ್, ಟ್ರಾಮ್ ಮತ್ತು ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಪ್ರವಾಸಿಗರೂ ಟಿಕೆಟ್ ಕೊಳ್ಳಬೇಕಿಲ್ಲ. ಇನ್ನೊಂದು ದಾರಿ ಜರ್ಮನಿಯ ಟ್ರಿಯರ್ ನಗರದಿಂದ ನದಿಯ ಬಲದಂಡೆಯ ಗುಂಟ ಸಾಗುವ ರೈಲಿನಲ್ಲಿ ಪೆರ್ಲ್‌ಗೆ ಬಂದು, ಸೇತುವೆಯ ಮೇಲೆ ನಡೆದು ದಾಟುವುದು. ಇಲ್ಲಿ ಟಿಕೆಟ್ ಬೇಕು. ಆದರೆ ಕಿಟಕಿಯ ಆಚೆ ನದಿಯೂ ದ್ರಾಕ್ಷಿ ಗುಡ್ಡಗಳೂ ಕಾಣುವುದರಿಂದ ಎರಡನೆಯದೇ ಉತ್ತಮ.

ನೋಡಲು ಏನೇನಿದೆ? ಎಷ್ಟು ಹೊತ್ತು ಬೇಕು?

ಅರ್ಧ ದಿನ ಸಾಕು. ದಂಡೆಯ ಮೇಲೆ 2010ರಲ್ಲಿ ತೆರೆದ ಯುರೋಪಿಯನ್ ವಸ್ತುಸಂಗ್ರಹಾಲಯವಿದೆ. ಒಪ್ಪಂದದ ನಲವತ್ತನೇ ವರ್ಷಕ್ಕೆ, 2025ರ ಜೂನ್‌ನಲ್ಲಿ, ಅದನ್ನು ನವೀಕರಿಸಿ ಮತ್ತೆ ತೆರೆಯಲಾಯಿತು. ಸಹಿ ನಡೆದ ಹಡಗು ಅದೇ ಸಂದರ್ಭದಲ್ಲಿ ದುರಸ್ತಿಗೊಂಡು ಊರಿಗೆ ಮರಳಿ ದಂಡೆಯಲ್ಲಿ ನಿಂತಿದೆ. ಹತ್ತಿರದಲ್ಲೇ ಸದಸ್ಯ ರಾಷ್ಟ್ರಗಳ ಹೆಗ್ಗುರುತುಗಳನ್ನು ಲೋಹದ ನಕ್ಷತ್ರಗಳಲ್ಲಿ ಮೂಡಿಸಿದ ಸ್ತಂಭಗಳೂ ಬರ್ಲಿನ್ ಗೋಡೆಯ ತುಂಡುಗಳೂ ಇವೆ. ಈ ಹಳ್ಳಿಗೆ ಐರೋಪ್ಯ ಪರಂಪರೆಯ ಮನ್ನಣೆಯೂ ದೊರೆತಿದೆ.

ಸ್ಮಾರಕಗಳಿಗಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕೋಟೆಮನೆಯ ಪಕ್ಕದ ಹಳೆಯ ದುಂಡು ಗೋಪುರ. ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ 1871ರಲ್ಲಿ ಬೆಲ್ಜಿಯಂನಿಂದ ಹೊರಹಾಕಲ್ಪಟ್ಟು ಲಕ್ಸೆಂಬರ್ಗಿನ ವಿಯಾಂಡೆನ್‌ನಲ್ಲಿ ತಂಗಿದ್ದನಷ್ಟೆ; ಅದೇ ವರ್ಷ ಇಲ್ಲಿಗೂ ಬಂದು ಈ ಗೋಪುರದ ಚಿತ್ರ ಬರೆದನು. ಒಂದು ದೇಶ ಗಡಿಯಾಚೆಗೆ ಕಳಿಸಿದವನು ಕುಳಿತು ಚಿತ್ರ ಬರೆದ ಊರು ಇದು ಎಂಬುದನ್ನು ಯಾವ ಸ್ತಂಭವೂ ಹೇಳುವುದಿಲ್ಲ. ಹಕ್ಕಿಗಳಲ್ಲಿ ಆಸಕ್ತಿಯಿದ್ದವರು ರೆಮರ್ಶೆನ್ ಪಕ್ಕದಲ್ಲಿ, ಮರಳು-ಜಲ್ಲಿ ತೆಗೆದ ಹೊಂಡಗಳು ಕೆರೆಗಳಾಗಿ ಮಾರ್ಪಟ್ಟ ಸಂರಕ್ಷಿತ ಪ್ರದೇಶಕ್ಕೆ ಹೋಗಬಹುದು. ದ್ರಾಕ್ಷಿ ಕೊಯ್ಲು ನೋಡಬೇಕೆಂದರೆ ಸೆಪ್ಟೆಂಬರ್ ಸೂಕ್ತ.

ಮೂರು ದೇಶಗಳನ್ನು ನಡೆದೇ ನೋಡಬಹುದೇ? ಪಾಸ್‌ಪೋರ್ಟ್ ಬೇಕೇ?

ಧಾರಾಳವಾಗಿ ನೋಡಬಹುದು. ಶೆಂಗೆನ್‌ನಿಂದ ಸೇತುವೆ ದಾಟಿದರೆ ಪೆರ್ಲ್. ಅಲ್ಲಿಂದ ದಂಡೆಯ ಗುಂಟ ದಕ್ಷಿಣಕ್ಕೆ ನಡೆದರೆ ಅಪಾಕ್. ಅರ್ಧ ಗಂಟೆಯೊಳಗೆ ಮೂರು ದೇಶ ಮುಗಿಯುತ್ತವೆ. ದಾರಿಯಲ್ಲಿ ದೇಶ ಬದಲಾದದ್ದು ಗೊತ್ತಾಗುವುದು ರಸ್ತೆ ಫಲಕಗಳ ರೂಪದಿಂದ ಮತ್ತು ಮೊಬೈಲಿಗೆ ಬರುವ ಸಂದೇಶದಿಂದ. ಅದೂ ನದಿಯ ಬಳಿ ಮೂರೂ ಕಡೆಯ ಗೋಪುರಗಳ ಸಿಗ್ನಲ್ ಬೆರೆತು ಹಿಂದುಮುಂದಾಗುವುದುಂಟು. ಇದಕ್ಕಿಂತ ಹೆಚ್ಚು ನಡೆಯಬಲ್ಲವರಿಗೆ ಗುಡ್ಡ ಮತ್ತು ತೋಟಗಳ ನಡುವೆ ಗುರುತು ಹಾಕಿದ ಕಾಲುದಾರಿಗಳಿವೆ.

ಪಾಸ್‌ಪೋರ್ಟನ್ನು ಮಾತ್ರ ಹೋಟೆಲಿನಲ್ಲಿ ಬಿಟ್ಟು ಬರಬಾರದು. ಗಡಿಯಲ್ಲಿ ಯಾರೂ ಕೇಳದಿರಬಹುದು, ಆದರೆ ವಿದೇಶಿಯರು ಗುರುತಿನ ದಾಖಲೆಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಜರ್ಮನ್ ಪೊಲೀಸರು ತಪಾಸಣೆ ನಡೆಸುವಾಗ ಫೋನಿನಲ್ಲಿರುವ ಚಿತ್ರವನ್ನು ದಾಖಲೆಯೆಂದು ಒಪ್ಪುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ. ವೀಸಾ ಒಂದೇ ಬಾರಿಯ ಪ್ರವೇಶದ್ದಾದರೂ ಚಿಂತಿಸಬೇಕಿಲ್ಲ. ಶೆಂಗೆನ್‌ನಿಂದ ಪೆರ್ಲ್‌ಗೆ, ಅಲ್ಲಿಂದ ಅಪಾಕ್‌ಗೆ ಹೋಗಿ ಹಿಂದಿರುಗುವುದು ಒಂದೇ ಪ್ರದೇಶದೊಳಗಿನ ಓಡಾಟವಾದ್ದರಿಂದ ಅದನ್ನು ಹೊಸ ಪ್ರವೇಶವೆಂದು ಎಣಿಸುವುದಿಲ್ಲ.